ಶೇವಂತೆವ್ವ ಇರುವ ಆವೃತ್ತಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ಹನ್ನೊಂದು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಬೆಂಗೇರಿಯಿಂದ ಬಂದ ಒಂದು ಪತ್ರದಿಂದ ಶುರು ಮಾಡಿದರೆ ನನ್ನ ಮರ್ಯಾದೆ ಮೊದಲ ಪುಟದಲ್ಲೇ ಹೋಗುತ್ತದೆ. ನನ್ನ ಅತ್ಯಾಳ ಗಂಟಲಿನಿಂದ ಶುರು ಮಾಡಿದರೆ ನೀವು ಇದೊಂದು ಆಸ್ಪತ್ರೆಯ ಕಥೆ ಎಂದು ಪುಟ ಮಗುಚುತ್ತೀರಿ. ಕಾಳವ್ವನಿಂದ ಶುರು ಮಾಡೋಣವೆಂದರೆ ಅವಳೇ ಒಪ್ಪುವುದಿಲ್ಲ. ತನ್ನ ಹೆಸರನ್ನು ಮೊದಲು ಹಾಕಿದರೆ ಮಂದಿ ತನ್ನನ್ನು ಭಾಳ ದೊಡ್ಡಾಕಿ ಅಂದುಕೊಳ್ಳುತ್ತಾರೆ ಎಂಬುದು ಅವಳ ತಕರಾರು.

ಮರ್ಯಾದೆ ಹೇಗೂ ಹೋಗುವುದೇ ಇದೆ. ಮೊದಲೇ ಹೋಗಲಿ, ಆಮೇಲೆ ನಿಶ್ಚಿಂತೆಯಿಂದ ಬರೆಯಬಹುದು.

೨

ನನ್ನ ಹೆಸರು ಚಿನ್ಮಯೀ. ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಕಳೆದ ವರ್ಷ ಒಂದು ಸಣ್ಣ ಮಾಸಿಕಕ್ಕೆ ‘ಶ್ರೇಷ್ಠ ಕಾದಂಬರಿಯಲ್ಲಿ ಗೆಳೆತನ’ ಎಂಬ ಲೇಖನ ಬರೆದೆ. ಸುಮಾರು ನೂರು ವರ್ಷ ಹಳೆಯದಾದ ಆ ಕಾದಂಬರಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. (ಹೇಳಿದರೆ ನೀವು ಅದನ್ನು ಓದಿದ್ದೇನೆ ಎನ್ನುತ್ತೀರಿ. ನಮ್ಮಲ್ಲಿ ಎಲ್ಲರೂ ಅದನ್ನು ಎಂಎ ಎರಡನೇ ಸೆಮಿಸ್ಟರಿನಲ್ಲಿ ಓದಿರುತ್ತಾರೆ, ಅಂದರೆ ಗೈಡ್ ಓದಿರುತ್ತಾರೆ.) ಕಥೆ ಇಷ್ಟು: ಗೋದಾವರಿ ಎಂಬ ಹುಡುಗಿಯನ್ನು ಒಂದು ದೊಡ್ಡ ವಾಡೆಗೆ ಮದುವೆ ಮಾಡಿ ಕೊಡುತ್ತಾರೆ. ಗಂಡ ಊರೂರು ತಿರುಗುತ್ತಾನೆ. ಅವಳು ಒಬ್ಬಳೇ ವಾಡೆಯ ಕಷ್ಟಗಳನ್ನೆಲ್ಲ ನಿಭಾಯಿಸಿ, ಕೊನೆಗೆ ಒಂದು ಬೆಳಗಿನ ಜಾವ ವಾಡೆ ಬಿಟ್ಟು ಹೊರಡುತ್ತಾಳೆ.

ಆದರೆ ಒಬ್ಬಳೇ ಅಲ್ಲ, ಅವಳಿಗೊಬ್ಬ ಗೆಳತಿ ಇದ್ದಾಳೆ, ನೀರು ಹೊರುವ ಶೇವಂತಿ ಎಂದು ನಾನು ಬರೆದೆ. ಬಾಣಂತನದಲ್ಲಿ ಎಣ್ಣೆ ಹಚ್ಚುವ, ಜ್ವರದಲ್ಲಿ ತಲೆ ಒತ್ತುವ, ಸಿಟ್ಟು ಬಂದರೆ ಗೋದಾವರಿಯನ್ನೇ ಬೈಯುವ ಶೇವಂತಿ ಇಲ್ಲದಿದ್ದರೆ ಆ ಕಾದಂಬರಿಯೇ ಇಲ್ಲ ಎಂದು ವಾದಿಸಿದೆ. ‘ಅನನ್ಯ’ ಎಂಬ ಪದವನ್ನು ಎರಡು ಕಡೆ ಬಳಸಿದೆ. ಸಂಪಾದಕರು ಫೋನ್ ಮಾಡಿ ಅಭಿನಂದಿಸಿದರು. ಸಹೋದ್ಯೋಗಿಗಳು ವಾಟ್ಸ್ಯಾಪಿನಲ್ಲಿ ಹೂಗುಚ್ಛ ಕಳಿಸಿದರು.

ಆಮೇಲೆ ಬೆಂಗೇರಿಯ ಶಶಿಕುಮಾರ ಎಂಬ ನಿವೃತ್ತ ರೈಲ್ವೆ ನೌಕರರಿಂದ ಪತ್ರ ಬಂತು. ಮುತ್ತಿನಂಥ ಅಕ್ಷರ.

‘ಮಾನ್ಯರೇ, ತಮ್ಮ ಲೇಖನ ಓದಿ ಸಂತೋಷವಾಯಿತು. ನನ್ನ ಬಳಿ ಇರುವ ಪ್ರತಿಯಲ್ಲಿ ಶೇವಂತಿ ಎಂಬಾಕೆ ಆರನೇ ಅಧ್ಯಾಯದಲ್ಲಿ ಒಂದು ಕೊಡ ನೀರು ತಂದಿಟ್ಟು ಹೋಗುತ್ತಾಳೆ. ಮತ್ತೆ ಬರುವುದಿಲ್ಲ. ಮೂರು ಸಲ ಹುಡುಕಿದೆ. ತಾವು ಓದಿದ್ದು ಯಾವ ಆವೃತ್ತಿ? ದಯವಿಟ್ಟು ತಿಳಿಸಿದರೆ ನಾನೂ ಅದನ್ನೇ ಕೊಳ್ಳುತ್ತೇನೆ. ನನಗೂ ಆ ಶೇವಂತಿ ಬೇಕು.’

ಮನುಷ್ಯ ವ್ಯಂಗ್ಯ ಮಾಡಿದ್ದರೆ ಉತ್ತರ ಕೊಡಬಹುದಿತ್ತು. ಪಾಪ, ಅವರು ನಿಜವಾಗಿ ಕೇಳಿದ್ದರು.

ಕಾಲೇಜಿನ ಲೈಬ್ರರಿಗೆ ಓಡಿದೆ. ಆರನೇ ಅಧ್ಯಾಯ, ಎರಡೇ ವಾಕ್ಯ: ‘ಶೇವಂತಿ ಕೊಡವನ್ನು ಇಳಿಸಿದಳು. ಗೋದಾವರಿ ತಲೆಯೆತ್ತಿ ನೋಡಲಿಲ್ಲ.’ ಅಷ್ಟೇ. ಮೂವತ್ತೆರಡು ಅಧ್ಯಾಯಗಳಲ್ಲಿ ಶೇವಂತಿಯ ಪಾಲು ಅಷ್ಟೇ.

(ಹಾಗಾದರೆ ಓದದೆ ಬರೆದಿರಾ ಎಂದು ನೀವು ಕೇಳುತ್ತೀರಿ. ಓದಿದ್ದೆ. ಕಿವಿಯಿಂದ ಓದಿದ್ದೆ.)

೩

[ಕೈಬಿಟ್ಟ ಕರಡು: ‘ಧಾರವಾಡದ ಮಾಳಮಡ್ಡಿಯ ಆ ಹಳೆಯ ಮನೆಯ ಕಟ್ಟೆಯ ಮೇಲೆ ಇಳಿಬಿಸಿಲು ಮೆಲ್ಲಗೆ...’ ಇದರ ಮುಂದೆ ಅತ್ಯಾ ಕೆಂಪು ಪೆನ್ಸಿಲಿನಲ್ಲಿ ‘ಹವಾಮಾನ ವರದಿ ಬೇಡ’ ಎಂದು ಬರೆದಿದ್ದಾಳೆ. ಅತ್ಯಾ ಈ ಕಥೆಯ ಕರಡನ್ನೆಲ್ಲ ಕೆಂಪು ಪೆನ್ಸಿಲಿನಲ್ಲಿ ತಿದ್ದಿದ್ದಾಳೆ. ಇದರಿಂದ ಅವಳ ಗಂಟಲಿನ ಬಗ್ಗೆ ಏನನ್ನೂ ಊಹಿಸಬೇಡಿ. ಓಣಿಗೆಲ್ಲ ಕೇಳುವಷ್ಟು ಧ್ವನಿ ಇದ್ದ ಕಾಲದಲ್ಲೂ ಅವಳು ನನ್ನ ಬರಹವನ್ನು ಹೀಗೆಯೇ ಬಾಯಿ ಬಿಡದೆ ತಿದ್ದುತ್ತಿದ್ದಳು.]

ಅತ್ಯಾ ಎಂದರೆ ಅಂಬಾಬಾಯಿ, ನನ್ನ ಅಪ್ಪನ ಅಕ್ಕ. ಮದುವೆಯಾಗಲಿಲ್ಲ. ಮೂವತ್ತಾರು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದಳು. ಅರವತ್ತು ಮಕ್ಕಳ ಕ್ಲಾಸಿನಲ್ಲಿ ಕೊನೆಯ ಬೆಂಚಿನವರೆಗೆ ಧ್ವನಿ ಮುಟ್ಟಿಸಿ ಮುಟ್ಟಿಸಿ ಗಂಟಲಲ್ಲಿ ಗಂಟಾಯಿತು. ಈ ವರ್ಷ, ಎಪ್ಪತ್ತೈದನೇ ವಯಸ್ಸಿನಲ್ಲಿ, ಹುಬ್ಬಳ್ಳಿಯಲ್ಲಿ ಅದನ್ನು ತೆಗೆಸಬೇಕಾಯಿತು. ಆರು ವಾರ ಒಂದಕ್ಷರ ಮಾತಾಡಕೂಡದು, ಪಿಸುಮಾತೂ ಕೂಡದು ಎಂದು ಡಾಕ್ಟರು ಹೇಳಿದರು. ಆಮೇಲೆ ಧ್ವನಿ ಬರಬಹುದು, ಬರೀ ಗಾಳಿಯೂ ಬರಬಹುದು, ತಾನು ಮಾತು ಕೊಡಲಾರೆ ಎಂದರು. ನಾನು ರಜೆ ಹಾಕಿ ಧಾರವಾಡಕ್ಕೆ ಬಂದು ಅವಳ ಜೊತೆ ಇದ್ದೆ. ಅತ್ಯಾ ಅಟ್ಟದ ಮೇಲಿಂದ ಹಳೆಯ ಪಾಟಿ ಇಳಿಸಿಕೊಂಡಳು. ಸಾಲಿ ಮಕ್ಕಳ ಕಲ್ಲಿನ ಪಾಟಿ, ಕಟ್ಟಿಗೆಯ ಚೌಕಟ್ಟು. ಬೇಕಾದ್ದನ್ನೆಲ್ಲ ಅದರ ಮೇಲೆ ಬರೆದು ತೋರಿಸುತ್ತಿದ್ದಳು. ಅಲ್ಲೂ ಒತ್ತಕ್ಷರ ತಪ್ಪುತ್ತಿರಲಿಲ್ಲ.

ಇನ್ನು ಕಾಳವ್ವ. ಮುಗದದವಳು. ನಮ್ಮ ಮನೆಯ ಹಳೆಯ ಸೀರೆಗಳನ್ನು ಕೌದಿ ಹೊಲಿದು ಕೊಡಲು ಮೊದಲ ಸಲ ಬಂದಾಗ ನಾನಿನ್ನೂ ಎರಡನೇ ಇಯತ್ತೆ. ಪ್ರತಿ ಮಂಗಳವಾರ ಸಂತೆ ಮುಗಿಸಿ, ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಕುಳಿತು ಹೊಲಿದು, ಸಂಜೆಯ ಪ್ಯಾಸೆಂಜರ್ ಗಾಡಿಗೆ ಊರಿಗೆ ಹೋಗುತ್ತಿದ್ದಳು. ಅವಳು ಹೊಲಿಯುವಾಗ ಅತ್ಯಾ ಪಕ್ಕದಲ್ಲಿ ಕುಳಿತು ಆ ಕಾದಂಬರಿಯನ್ನು ಓದಿ ಹೇಳುತ್ತಿದ್ದಳು. ಕೌದಿಗಳು ಮುಗಿದರೂ ಕಾಳವ್ವ ಬರುವುದು ನಿಲ್ಲಲಿಲ್ಲ. ಬೇರೆಯವರ ಕೌದಿಗಳನ್ನು ಚೀಲದಲ್ಲಿ ತುಂಬಿಕೊಂಡು ನಮ್ಮ ಮನೆಗೇ ಬಂದು ಹೊಲಿಯತೊಡಗಿದಳು. ಹೀಗೆ ಮೂವತ್ತೆಂಟು ವರ್ಷ.

(ಕೌದಿಯನ್ನು ಕಾದಂಬರಿಗೆ ಹೋಲಿಸುವ ಒಂದು ಚೆಂದದ ವಾಕ್ಯ ಇಲ್ಲಿತ್ತು. ಕೆಂಪು ಪೆನ್ಸಿಲು ಅದನ್ನು ನುಂಗಿತು.)

ಕಾಳವ್ವನಿಗೆ ಓದಲು ಬಾರದು. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದಾಕೆ ಇವಳೊಬ್ಬಳಿಗೇಕೆ ಕಲಿಸಲಿಲ್ಲ ಎಂದು ನಾನು ಒಮ್ಮೆ ಕೇಳಿದ್ದೆ. ಕಲಿಸಲು ಹೋಗಿದ್ದಳಂತೆ. ತನ್ನ ಹೆಸರು ಬರೆಯುವಷ್ಟು ಕಲಿತು ಕಾಳವ್ವ ಬಳಪ ಕೆಳಗಿಟ್ಟಳಂತೆ. "ನಾ ಓದಾಕ ಕಲತ್ರ ನೀವು ಯಾರಿಗೆ ಓದಿ ಹೇಳ್ತೀರಿ ಬಾಯಾರ?" ಎಂದಳಂತೆ.

೪

ಇಲ್ಲಿ ಒಂದು ತಾಟಿನ ಪ್ರಸಂಗ ಬರಬೇಕು. ನಾನು ನೋಡಿದ್ದು, ಆಗ ನನಗೆ ಎಂಟು ವರ್ಷ.

ನಮ್ಮ ಅಜ್ಜಿ ಮಡಿಯವಳು. ಕಾಳವ್ವನಿಗೆಂದು ಕಟ್ಟೆಯ ಕಿಟಕಿಯಲ್ಲಿ ಒಂದು ಬಸಿ, ಒಂದು ಸ್ಟೀಲಿನ ಲೋಟ ಬೇರೆ ಇರುತ್ತಿತ್ತು. ಕುಡಿದ ಮೇಲೆ ಅವಳೇ ತೊಳೆದು ಬೋರಲು ಹಾಕಿ ಹೋಗಬೇಕು. ಅತ್ಯಾ ನೌಕರಿ ಮಾಡುವ ಹೆಣ್ಣುಮಗಳಾದರೂ ಆ ಮನೆಯಲ್ಲಿ ಅಜ್ಜಿಯ ಮಾತೇ ಕಾಯಿದೆ. ಲೋಟದ ವಿಷಯದಲ್ಲಿ ಅತ್ಯಾ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ಅವತ್ತು ಓದುವಾಗ ಗೋದಾವರಿ ಊಟಕ್ಕೆ ಕುಳಿತಿದ್ದಳು. ಕಾಳವ್ವ ಸೂಜಿ ನಿಲ್ಲಿಸಿ ಕೇಳಿದಳು, "ಶೇವಂತೆವ್ವ ಎಲ್ಲಿ ಕುಂತ ಉಂಡಳ್ರಿ?"

ಅತ್ಯಾ ಪುಸ್ತಕದಿಂದ ಕಣ್ಣೆತ್ತಿದಳು. ಆಮೇಲೆ, ಇಬ್ಬರೂ ಒಂದೇ ತಾಟಿನಲ್ಲಿ ಉಂಡರು ಎಂದು ಓದಿದಳು. ಒಳಗಿನಿಂದ ಅಜ್ಜಿ ಕೂಗಿದಳು, "ಅಂಬೀ, ಖರೇನ ಹಂಗ ಬರದಾರೇನ?"

"ಅಚ್ಚಾಗೇದವ್ವಾ" ಎಂದಳು ಅತ್ಯಾ.

ಅಚ್ಚಾದದ್ದು ಸುಳ್ಳಾಗಿರಲು ಸಾಧ್ಯವಿಲ್ಲ ಎಂದು ನಂಬಿದ ತಲೆಮಾರು ಅದು. ಅಜ್ಜಿ ಮುಂದೆ ಮಾತಾಡಲಿಲ್ಲ. ಮುಂದಿನ ಮಂಗಳವಾರ ಅತ್ಯಾ ಚಹಾವನ್ನು ಮನೆಯ ಲೋಟದಲ್ಲೇ ತಂದು ಕೊಟ್ಟಳು. ಕಿಟಕಿಯ ಲೋಟ ಕೆಲವು ದಿನ ಅಲ್ಲೇ ಬೋರಲು ಬಿದ್ದಿತ್ತು, ಆಮೇಲೆ ತುಳಸಿಗೆ ನೀರು ಹಾಕಲು ಹೋಯಿತು. ಎರಡು ಮಂಗಳವಾರ ಕಳೆದು ಅವರಿಬ್ಬರೂ ಪಡಸಾಲೆಯಲ್ಲಿ ಕೂತು ಒಂದೇ ತಾಟಿನಲ್ಲಿ ಚುರುಮುರಿ ತಿನ್ನುತ್ತಿದ್ದರು. ಅಜ್ಜಿ ನೋಡಿಯೂ ನೋಡದ ಹಾಗೆ ಜಪಮಣಿ ಎಣಿಸುತ್ತಿದ್ದಳು.

ಕಾದಂಬರಿ ಓದಿದರೆ ಜಗತ್ತು ಬದಲಾಗುತ್ತದೆಯೇ ಎಂದು ಸೆಮಿನಾರುಗಳಲ್ಲಿ ಕೇಳುತ್ತಾರೆ. ಜಗತ್ತಿನ ಸುದ್ದಿ ನನಗೆ ಗೊತ್ತಿಲ್ಲ. ಒಂದು ಲೋಟ ಬದಲಾದದ್ದನ್ನು ನೋಡಿದ್ದೇನೆ, ಅದೂ ಕಾದಂಬರಿಯಲ್ಲಿ ಇಲ್ಲದ ವಾಕ್ಯದಿಂದ.

೫

ಆಪರೇಷನ್ ಆದ ಮೊದಲ ಮಂಗಳವಾರ ಕಾಳವ್ವ ಬಂದಳು. ಈ ಸಲದ ಓದು ಇಪ್ಪತ್ತೇಳನೇ ಅಧ್ಯಾಯದವರೆಗೆ ಬಂದು ನಿಂತಿತ್ತು. ಅತ್ಯಾ ಪುಸ್ತಕವನ್ನು ನನ್ನ ಕೈಗಿಟ್ಟು ಪಾಟಿಯ ಮೇಲೆ ಬರೆದಳು: ‘ನೀನು ಓದು.’

ಕಾಲೇಜಿನಲ್ಲಿ ಓದುವ ಹಾಗೆ ಪುಸ್ತಕವನ್ನು ಮುಖದ ಮುಂದೆ ಎತ್ತಿ ಹಿಡಿದು, ಸ್ಪಷ್ಟವಾಗಿ, ಭಾವಪೂರ್ಣವಾಗಿ ಓದಿದೆ. ಎರಡು ಪುಟ ಆಗಿರಬೇಕು. ಶೇವಂತೆವ್ವ ಎಲ್ಲಿ ಹೋದಳು ಎಂದು ಕಾಳವ್ವ ಕೇಳಿದಳು.

ನಾನು ಹಾಳೆ ತಿರುವಿದೆ. ಅಚ್ಚಿನಲ್ಲಿ ಎಲ್ಲೂ ಇಲ್ಲ. ಬೆಂಗೇರಿಯ ಪತ್ರ ನೆನಪಾಗಿ ಕಿವಿ ಬಿಸಿಯಾಯಿತು. ಅತ್ಯಾ ಪಾಟಿಯನ್ನು ನನ್ನ ಕಡೆ ತಿರುಗಿಸಿದಳು: ‘ಪೆನ್ಸಿಲ್ ಓದು.’

ಆಗ ಕಂಡಿತು. ಪುಟದ ಅಂಚಿನಲ್ಲೆಲ್ಲ ಸಣ್ಣ ಪೆನ್ಸಿಲ್ ಬರಹ. ಸಾಲಿ ಮಾಸ್ತರರು ಬರೆಯುವ ಪಾಠ ಟಿಪ್ಪಣಿಯ ಹಾಗೆ, ಒಂದೊಂದು ಅಧ್ಯಾಯಕ್ಕೂ ಬೇರೆ ಬೇರೆ. ಆ ರಾತ್ರಿ ಕುಳಿತು ಮೊದಲಿನಿಂದ ಓದಿದೆ. ಕೆಲವನ್ನು ಇಲ್ಲಿ ಇಳಿಸುತ್ತೇನೆ. ‘ಕಾ’ ಎಂದರೆ ಕಾಳವ್ವ, ‘ಶೇ’ ಎಂದರೆ ಶೇವಂತಿ.

ಅಧ್ಯಾಯ ೬: ಕಾ. ಕೇಳಿದಳು, ನೀರು ತಂದಾಕಿ ಕುಂತಳೇನು? ಕುಂತಳು ಅಂದೆ.

ಅಧ್ಯಾಯ ೧೧: ಶೇ. ಎಣ್ಣೆ ಹಚ್ಚಿದಳು. ಹೊನ್ನೆಣ್ಣೆ ಅಂತ ಕಾ. ತಿದ್ದಿದಳು.

ಅಧ್ಯಾಯ ೧೪: ಒಂದೇ ತಾಟು. (ಅವ್ವ ಕೇಳಿಸಿಕೊಂಡಳು.)

ಅಧ್ಯಾಯ ೧೯: ಶೇ. ಸಿಟ್ಟಾಗಿ ಹೋದಳು. ಎರಡು ಅಧ್ಯಾಯ ಬರುವುದಿಲ್ಲ. (ಕಾ. ಬರದೆ ಎರಡು ವಾರವಾಯಿತು. ತಪ್ಪು ನನ್ನದು.)

ಅಧ್ಯಾಯ ೨೩: ಶೇ.ಗೆ ಮಗಳು ಹುಟ್ಟಿದ್ದಾಳೆ. ಮರೆಯಕೂಡದು, ಕಾ. ಮರೆಯುವುದಿಲ್ಲ.

ಇದನ್ನು ಓದಿ ನಾನು ಅತ್ತೆ. ಸುಮ್ಮನೆ ‘ಕಣ್ಣು ತೇವವಾದವು’ ಎಂದು ಬರೆದು ಜಾರಿಕೊಳ್ಳಬಹುದಿತ್ತು. ಇಲ್ಲ, ಸೆರಗು ಒದ್ದೆಯಾಗುವಷ್ಟು ಅತ್ತೆ. ನಾನು ಲೇಖನ ಬರೆದು ಹೊಗಳಿದ ಪಾತ್ರವನ್ನು ಸೃಷ್ಟಿಸಿದವರಿಬ್ಬರೂ ನಮ್ಮ ಕಟ್ಟೆಯ ಮೇಲೆ ಕುಳಿತು ಚುರುಮುರಿ ತಿನ್ನುತ್ತಿದ್ದರು, ಒಬ್ಬಳು ಕೇಳುತ್ತ, ಇನ್ನೊಬ್ಬಳು ಹೇಳುತ್ತ.

೬

ಇಲ್ಲಿಯವರೆಗೆ ನಾನು ಒಳ್ಳೆಯವಳಾಗಿ ಕಂಡಿದ್ದರೆ ಅಷ್ಟಕ್ಕೇ ತೃಪ್ತಿಪಟ್ಟು ಓದು ನಿಲ್ಲಿಸಿಬಿಡಿ. ಇದು ನಾನು ತಪ್ಪು ಮಾಡುವ ಭಾಗ.

ಎರಡನೇ, ಮೂರನೇ ಮಂಗಳವಾರ ಪೆನ್ಸಿಲ್ ನೋಡಿಕೊಂಡು ಓದಿದೆ. ಮೂವತ್ತೊಂದನೇ ಅಧ್ಯಾಯ ಮುಗಿಯಿತು. ನಾನು ಚಿಕ್ಕವಳಿದ್ದಾಗಿನಿಂದ ಅತ್ಯಾಳ ಓದು ಪ್ರತಿ ಸಲ ಅಲ್ಲಿಗೇ ನಿಲ್ಲುತ್ತಿತ್ತು. ಮುಂದಿನ ಪುಟ ಹರಿದಾವ ಎನ್ನುತ್ತಿದ್ದಳು. ಒಂದೆರಡು ವಾರ ಬಿಟ್ಟು ಮತ್ತೆ ಮೊದಲನೇ ಅಧ್ಯಾಯ.

ನಾಲ್ಕನೇ ಮಂಗಳವಾರ ಕಾಳವ್ವ ಕೌದಿ ಬಿಚ್ಚಿಕೊಂಡು ಕುಳಿತವಳೇ ಹೇಳಿದಳು, "ಹರದಿದ್ರೂ ಅಷ್ಟ ಓದಿಬಿಡು ತಂಗಿ. ಬಾಯಾರ ಧ್ವನಿ ತಿರುಗಿ ಬರಲಿಲ್ಲಂದ್ರ ಮೊದಲಿನಿಂದ ಓದಾವ್ರ ಯಾರು?"

ಅದೇ ಮಾತು ಮೂವರ ಮನಸ್ಸಿನಲ್ಲೂ ಇತ್ತು, ಹೇಳಿದವಳು ಅವಳೊಬ್ಬಳೇ. ಅತ್ಯಾ ಬೇರೆ ಕಡೆ ನೋಡಿದಳು.

ಹಾಳೆ ತಿರುವಿದೆ. ಪುಟಗಳು ಹರಿದಿರಲಿಲ್ಲ. ಒಂದು ಮಡಿಕೆಯೂ ಇಲ್ಲದೆ ಹೊಸದಾಗಿದ್ದವು. ಅಂಚಿನಲ್ಲಿ ಪೆನ್ಸಿಲಿನ ಒಂದು ಚುಕ್ಕೆಯೂ ಇರಲಿಲ್ಲ.

ನಾನು ಏನು ಮಾಡಬೇಕಿತ್ತು? ಕಥೆಗಾರ್ತಿ ಎಂದು ಬೋರ್ಡು ಹಾಕಿಕೊಂಡವಳು, ಎರಡು ವಾಕ್ಯ ಸೇರಿಸಬಹುದಿತ್ತು. ಆದರೆ ನನ್ನ ಪರ್ಸಿನಲ್ಲಿ ಶಶಿಕುಮಾರರ ಪತ್ರ ಚುಚ್ಚುತ್ತಿತ್ತು. ಒಮ್ಮೆಯಾದರೂ ಪಠ್ಯಕ್ಕೆ ನಿಷ್ಠಳಾಗಿರಬೇಕು ಅನ್ನಿಸಿತು. (ನಿಷ್ಠೆಗೆ ಎಂಥೆಂಥ ಹೊತ್ತು ಸಿಗುತ್ತದೆ ನೋಡಿ.) ಪುಸ್ತಕ ಎತ್ತಿ ಹಿಡಿದು ಅಚ್ಚಿನಲ್ಲಿದ್ದದ್ದನ್ನು ಇದ್ದ ಹಾಗೆ ಓದಿದೆ. ಗೋದಾವರಿ ಬಾಗಿಲು ತೆರೆದಳು, ಅಂಗಳ ದಾಟಿದಳು. ನಡುವೆ ಏನೋ ಟಕ್ ಟಕ್ ಎಂದಿತು. ಮೆಚ್ಚುಗೆ ಎಂದುಕೊಂಡು ಧ್ವನಿಯನ್ನು ಇನ್ನಷ್ಟು ಏರಿಸಿದೆ. ‘ಗೋದಾವರಿ ಹೊಳೆಯ ದಾರಿ ಹಿಡಿದಳು. ಅವಳ ಹಿಂದೆ ಯಾರೂ ಬರಲಿಲ್ಲ.’ ಮುಕ್ತಾಯ.

ಪುಸ್ತಕ ಇಳಿಸಿದಾಗ ಕಾಳವ್ವ ಕೌದಿ ಮಡಚುತ್ತಿದ್ದಳು. ಗಾಡಿಗೆ ಹೊತ್ತಾತು ಎಂದಳು. ಗಾಡಿಗೆ ಇನ್ನೂ ಒಂದೂವರೆ ತಾಸಿತ್ತು. ಚಹಾ ಕುಡಿಯಲಿಲ್ಲ. ಅತ್ಯಾಳ ಕಡೆ ಒಂದು ಸಲ ನೋಡಿ ಮೆಟ್ಟಿಲಿಳಿದು ಹೋದಳು.

ಆಮೇಲೆ ಅತ್ಯಾಳ ಮಡಿಲಲ್ಲಿದ್ದ ಪಾಟಿ ಕಂಡಿತು. ಅದರ ಮೇಲೆ ‘ನಿಲ್ಲಿಸು’ ಎಂದು ಮೂರು ಸಲ ಬರೆದಿತ್ತು. ಮೂರನೆಯದು ಬರೆಯುವಾಗ ಬಳಪ ಮುರಿದಿತ್ತು. ಟಕ್ ಟಕ್ ಎಂದದ್ದು ಪಾಟಿಯನ್ನು ಕಟ್ಟೆಗೆ ಬಡಿದ ಸಪ್ಪಳ. ನಾನು ತಲೆಯೆತ್ತಿ ನೋಡಿರಲಿಲ್ಲ.

೭

ಐದನೇ ಮಂಗಳವಾರ ಕಾಳವ್ವ ಬರಲಿಲ್ಲ. ಕಾರಣಗಳನ್ನು ನೀವೇ ಆರಿಸಿಕೊಳ್ಳಿ ಎಂದು ಮೊದಲು ಬರೆದಿದ್ದೆ:

ಅ) ಜ್ವರ.
ಆ) ಮೊಮ್ಮಗಳು ಬಂದಿದ್ದಾಳೆ.
ಇ) ಗಾಡಿ ತಪ್ಪಿತು.

ಕೆಂಪು ಪೆನ್ಸಿಲು ಮೂರನ್ನೂ ಹೊಡೆದು, ಪಕ್ಕದಲ್ಲಿ ಬರೆಯಿತು: ‘ನಿನ್ನಿಂದ.’

ಆ ವಾರ ಅತ್ಯಾ ಪಾಟಿಯನ್ನು ಮುಟ್ಟಲಿಲ್ಲ. ಅನ್ನ ಬೇಕೋ ಬೇಡವೋ ಎಂದು ಕೇಳಿದರೂ ತಲೆ ಅಲ್ಲಾಡಿಸುತ್ತಿದ್ದಳು ಅಷ್ಟೇ. ಡಾಕ್ಟರು ಹೇಳಿದ ಮೌನಕ್ಕೂ ಈ ಮೌನಕ್ಕೂ ಬಹಳ ವ್ಯತ್ಯಾಸ ಇತ್ತು. ಮಂಗಳವಾರ ಮೂರೂವರೆಗೆ ಎದ್ದು ಕಟ್ಟೆಗೆ ಚಾಪೆ ಹಾಸಿದಳು. ಆರರವರೆಗೆ ಅಲ್ಲೇ ಕುಳಿತಿದ್ದು, ತಾನೇ ಚಾಪೆ ಸುತ್ತಿಟ್ಟಳು. ನನಗೆ ಭಯವಾಯಿತು. ಆರು ವಾರ ಮುಗಿದು ಅವಳ ಧ್ವನಿ ಬಂದರೂ ಅದನ್ನು ಕೇಳಬೇಕಾದವಳು ಇರಲಿಕ್ಕಿಲ್ಲ, ಅದಕ್ಕೆ ಕಾರಣ ನಾನು ಎಂಬ ಭಯ.

೮

ರವಿವಾರ ಮುಗದಕ್ಕೆ ಹೋದೆ. ಕಾಳವ್ವ ಪಡಸಾಲೆಯಲ್ಲಿ ಅದೇ ಕೌದಿಯನ್ನು ಹರಡಿಕೊಂಡು ಕುಳಿತಿದ್ದಳು, ಹೊಲಿಯುತ್ತಿರಲಿಲ್ಲ. ಕೌದಿ ಪೂರಾ ಆಗಿತ್ತು, ನಡುವಿನ ಒಂದು ಅಂಗೈಯಗಲದ ಚೌಕ ಮಾತ್ರ ಬಾಯಿ ತೆರೆದುಕೊಂಡಿತ್ತು. ಅದು ಕೌದಿಯ ಹೊಟ್ಟೆ. ಅದರೊಳಗೆ ಒಂದು ಚೂರು ರೊಟ್ಟಿ, ಚಿಟಿಕೆ ಸಕ್ಕರೆ ಇಟ್ಟು ಹೊಲಿಯಬೇಕು, ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಎಂಬುದು ಕಾಳವ್ವನ ಪದ್ಧತಿ. ರೊಟ್ಟಿ ಯಾರ ಕೌದಿಯೋ ಅವರ ಮನೆಯದೇ ಆಗಬೇಕು.

ಇದು ಯಾರದು ಎಂದು ಕೇಳಿದೆ. ಬಾಯಾರದು ಎಂದಳು. ಆಪರೇಷನ್ ಆದವರಿಗೆ ಥಂಡಿ ಆಗಬಾರದಲ್ಲ ಎಂದು ಹೊಲಿದದ್ದಂತೆ.

ನಾನು ತಪ್ಪಾಯಿತು ಅಂದೆ. ಆಮೇಲೆ, ಹೇಗೂ ಬಂದದ್ದೇ ಬಂದಿದ್ದೇನೆ, ನಿಜ ಹೇಳಿಬಿಡೋಣ ಎಂದು, ಶೇವಂತಿ ಪುಸ್ತಕದಲ್ಲಿ ಇಲ್ಲವೇ ಇಲ್ಲ, ಅತ್ಯಾ ಕಟ್ಟಿ ಹೇಳಿದ್ದು ಎಂದು ಅಳುಕುತ್ತ ಶುರು ಮಾಡಿದೆ. ಕಾಳವ್ವ ನನ್ನನ್ನು ಕ್ಲಾಸಿನ ದಡ್ಡ ಹುಡುಗಿಯನ್ನು ನೋಡುವ ಹಾಗೆ ನೋಡಿದಳು.

"ಅದ ನನಗ ಗೊತ್ತಿಲ್ಲೇನ ತಂಗಿ? ಬಾಯಾರ ಪುಸ್ತಕದಾಗಿಂದ ಓದುಮುಂದ ಕಣ್ಣ ಕೆಳಗಿರ್ತಾವು. ಶೇವಂತೆವ್ವ ಬಂದ್ಳಂದ್ರ ಕಣ್ಣೆತ್ತಿ ನನ್ನ ಕಡೆ ನೋಡ್ತಾರ. ಮೊದಲನೇ ದಿನದಿಂದ ಹಂಗ."

ಹಾಗಾದರೆ ಸಿಟ್ಟು ಯಾಕೆ ಎಂದು ಕೇಳಿದೆ.

"ನಿನ್ನ ಮ್ಯಾಲ ಎಲ್ಲಿ ಸಿಟ್ಟು? ನೀ ಓದಾಕಿ, ಇದ್ದದ್ದ ಓದಿದಿ. ಬಾಯಾರ ಬಾಜೂಕ ಕುಂತ ಬರ್‍ಯಾಕತ್ತಿದ್ರು. ನೀ ಎಲ್ಲೆರೆ ತಪ್ಪ ಓದಿರಬೇಕು, ತಿದ್ದಾಕತ್ತಾರ ಅಂದ್ಕೊಂಡೆ. ಶೇವಂತೆವ್ವನ್ನ ಹೊರಗ ಹಾಕಿದ್ರೂ ನಡೀತೈತಿ, ಓದೂದು ಮಾತ್ರ ಶುದ್ಧ ಇರಬೇಕು ಅಂತಾರಲ್ಲ ಅನಿಸ್ತು. ಮೂವತ್ತೆಂಟ ವರ್ಷ ಆದಮ್ಯಾಲೆ."

ಆಗ ನನಗೆ ಆ ಮಧ್ಯಾಹ್ನ ಪೂರ್ತಿ ಅರ್ಥವಾಯಿತು. ಮಾತಾಡಬಾರದವಳು ಬರೆದಳು. ನೋಡುತ್ತಿದ್ದವಳಿಗೆ ಓದಲು ಬಾರದು. ಓದಲು ಬರುವವಳು ನೋಡಲಿಲ್ಲ.

ಪಾಟಿಯ ಮೇಲಿದ್ದದ್ದು ‘ನಿಲ್ಲಿಸು’ ಎಂದು ಹೇಳಿದೆ.

ಕಾಳವ್ವ ಕೌದಿಯ ಬಾಯಿಯನ್ನು ಬೆರಳಿನಿಂದ ಸವರಿದಳು. ಎಷ್ಟು ಸಲ ಬರೆದಿದ್ದರು ಎಂದು ಕೇಳಿದಳು. ಮೂರು ಸಲ ಎಂದೆ. ಬಳಪ ಮುರಿದದ್ದನ್ನೂ ಹೇಳಿದೆ. ಅವಳು ಎದ್ದು ಮುಖ ತೊಳೆದುಕೊಂಡು ಬಂದು ಕೌದಿಯನ್ನು ಚೀಲಕ್ಕೆ ತುಂಬಿದಳು. ಇವತ್ತು ರವಿವಾರ, ಮಂಗಳವಾರಕ್ಕೆ ಇನ್ನೂ ಎರಡು ದಿನ ಇದೆ ಎಂದು ನಾನೇ ನೆನಪಿಸಬೇಕಾಯಿತು.

[ಇಲ್ಲಿ ಪಾತ್ರವೊಂದು ತಕರಾರು ಎತ್ತಿದೆ. ಕರಡು ಓದಿ ಹೇಳಿದಾಗ ಕಾಳವ್ವ, ತಾನು ಮುಖ ತೊಳೆದದ್ದು ಧೂಳಾಗಿತ್ತೆಂದು, ಅತ್ತದ್ದಕ್ಕಲ್ಲ, ಹಾಗೆಂದು ಬರಿ ಎಂದಳು. ಬರೆದಿದ್ದೇನೆ.]

೯

ಬೆಂಗೇರಿಗೆ ಉತ್ತರ.

ಮಾನ್ಯ ಶಶಿಕುಮಾರ ಅವರಿಗೆ ನಮಸ್ಕಾರ. ತಡವಾಯಿತು, ಕ್ಷಮಿಸಿ. ನಾನು ಓದಿದ ಆವೃತ್ತಿಯ ಒಂದೇ ಪ್ರತಿ ಇದೆ. ಮಾರಾಟಕ್ಕಿಲ್ಲ. ಧಾರವಾಡದ ಮಾಳಮಡ್ಡಿಯಲ್ಲಿ ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಸಿಗುತ್ತದೆ. ಕೊನೆಯ ಅಧ್ಯಾಯ ಇನ್ನೂ ಸಿದ್ಧವಾಗಿಲ್ಲ. ತಾವು ಬರುವುದಾದರೆ ಚಹಾ ನಮ್ಮದು. ನಡುನಡುವೆ ಪ್ರಶ್ನೆ ಕೇಳಬೇಕು, ಅದೊಂದೇ ಷರತ್ತು.

೧೦

ಆರನೇ ಮಂಗಳವಾರ.

ಬೆಳಿಗ್ಗೆಯೇ ಅವಧಿ ಮುಗಿದಿತ್ತು. ಮೆಲ್ಲಗೆ, ಸಣ್ಣ ಸಣ್ಣ ಸದ್ದಿನಿಂದ ಶುರು ಮಾಡಿ ಎಂದು ಡಾಕ್ಟರು ಹೇಳಿದ್ದರು. ಅತ್ಯಾ ಶುರು ಮಾಡಲಿಲ್ಲ. ಒಂದು ಸಲ ‘ಆ’ ಎನ್ನು ಎಂದು ಗೋಗರೆದೆ. ಪಾಟಿಯ ಮೇಲೆ ‘ಮೂರೂವರೆಗೆ’ ಎಂದು ಬರೆದಳು.

ಮೂರೂವರೆಗೆ ಕಾಳವ್ವ ಬಂದಳು. ಕಾಳವ್ವ ಅತ್ಯಾಳ ಪಕ್ಕದಲ್ಲಿದ್ದ ಪಾಟಿಯನ್ನು ಎತ್ತಿ ಗೋಡೆಗೆ ಒರಗಿಸಿಟ್ಟು ಆ ಜಾಗದಲ್ಲಿ ತಾನು ಕುಳಿತಳು. ಕೌದಿಯನ್ನು ಬಿಡಿಸಿ ಒಂದು ತುದಿಯನ್ನು ಅತ್ಯಾಳ ಕಾಲ ಮೇಲೆ ಹೊದಿಸಿದಳು. ಅತ್ಯಾ ಬೆಳಿಗ್ಗೆಯೇ ತೆಗೆದಿಟ್ಟಿದ್ದ ರೊಟ್ಟಿಯ ಚೂರನ್ನು, ಚಿಟಿಕೆ ಸಕ್ಕರೆಯನ್ನು ಕಾಗದದ ಪೊಟ್ಟಣದಿಂದ ಬಿಚ್ಚಿ ಕೊಟ್ಟಳು. ಆಮೇಲೆ ಪುಸ್ತಕ ತೆಗೆದು ಮೂವತ್ತೆರಡನೇ ಅಧ್ಯಾಯ ಬಿಚ್ಚಿದಳು.

ನಾನು ಒಳಗೆ ಚಹಾಕ್ಕೆ ಇಟ್ಟಿದ್ದೆ. ಬಾಗಿಲಿಂದ ಇಬ್ಬರೂ ಕಾಣುತ್ತಿದ್ದರು. ಒಲೆಯ ಮೇಲೆ ನೀರು ಮರಳುವ ಸದ್ದು ಜೋರಾಗಿತ್ತು.

ಈಗ ನಿಮಗೊಂದು ಅಂತ್ಯ ಬೇಕು. ಮೂರು ಬರೆದಿದ್ದೆ.

ಒಂದರಲ್ಲಿ ಅತ್ಯಾಳ ಧ್ವನಿ ಮೊದಲಿನ ಹಾಗೆ ಓಣಿಯ ತುದಿಯವರೆಗೆ ಕೇಳುತ್ತದೆ. ನಾನು ಚಹಾದ ಬಸಿ ಕೈಬಿಡುತ್ತೇನೆ. (ಸಿನಿಮಾ ಆಯಿತು. ಹರಿದೆ.)

ಇನ್ನೊಂದರಲ್ಲಿ ಬರೀ ಗಾಳಿ. ಕಾಳವ್ವ ಅವಳ ಕೈ ಹಿಡಿಯುತ್ತಾಳೆ, ಮುಂದಿನ ಕಥೆಯನ್ನು ತಾನೇ ಹೇಳುತ್ತಾಳೆ. (ಬಹುಮಾನ ಬರುವಂಥ ಅಂತ್ಯ. ಅದಕ್ಕೇ ಅನುಮಾನ ಬಂದು ಹರಿದೆ.)

ಮೂರನೆಯದರಲ್ಲಿ ಶಶಿಕುಮಾರರು ಗೇಟು ತೆರೆದು ಒಳಗೆ ಬರುತ್ತಾರೆ. (ಅವರು ಬಂದದ್ದು ಅದರ ಮುಂದಿನ ವಾರ. ಸುಳ್ಳು ಹೇಳಬಾರದು.)

ಮುಂದೆ ಏನಾಯಿತೆಂದು ನಾನು ಅವರಿಬ್ಬರನ್ನು ಕೇಳಬಹುದಿತ್ತು, ಕೇಳಿದೆನೋ ಇಲ್ಲವೋ ಹೇಳುವುದಿಲ್ಲ. ಬಾಗಿಲಲ್ಲಿ ನಿಂತು ಕಂಡದ್ದನ್ನಷ್ಟೇ ಬರೆಯುತ್ತೇನೆ. ಅತ್ಯಾ ಪುಟವನ್ನು ನೋಡಿದಳು. ಒಂದೆರಡು ಸಾಲು ಕಣ್ಣಿನಲ್ಲೇ ಓದಿರಬೇಕು. ಗೋದಾವರಿ ಬಾಗಿಲು ತೆರೆದು, ಅಂಗಳ ದಾಟಿ, ಹೊಳೆಯ ದಾರಿ ಹಿಡಿಯುವಷ್ಟು ಹೊತ್ತು. ಆಮೇಲೆ ಪುಸ್ತಕದಿಂದ ಕಣ್ಣೆತ್ತಿ ಕಾಳವ್ವನ ಕಡೆ ನೋಡಿದಳು. ಅವಳ ತುಟಿ ಅಲುಗಿತು.

ನನಗೆ ಏನೂ ಕೇಳಿಸಲಿಲ್ಲ, ಒಲೆಯ ಸದ್ದು.

ಕಾಳವ್ವ ರೊಟ್ಟಿಯ ಚೂರನ್ನು ಕೌದಿಯ ಹೊಟ್ಟೆಯೊಳಗಿಟ್ಟಳು. ಹೊಲಿಯಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅತ್ಯಾಳ ಕಡೆಗೆ ತಿರುಗಿ ಕುಳಿತಳು.

"ಹ್ಞೂಂ," ಎಂದಳು, "ಆಮ್ಯಾಲ?"